ಮುಪ್ಪಿನ ನೋವೆಲ್ಲ ಮುಪ್ಪಲ್ಲ

ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಜಗಲಿಯ ಕಂಬವನ್ನು ಹಿಡಿದು ನರಳುತ್ತ ಏಳುವ ವೃದ್ಧರು ಒಬ್ಬರಾದರೂ ಕಾಣುವರು. “ಹೇಗಿದ್ದೀಯಜ್ಜ?” ಎಂದರೆ, “ವಯಸ್ಸಾಯಿತಲ್ಲಪ್ಪ, ವಾಯು ಹಿಡಿದಿದೆ” ಎಂಬುದೇ ಉತ್ತರ. ಕೇಳಿದವರೂ ಹೌದೆಂದು ತಲೆದೂಗಿ ಮುಂದೆ ಸಾಗುವರು. ಈ ಸಮಾಧಾನವು ಅಪಾಯಕರವಾದುದೆಂದು ವಾಚಕರಿಗೆ ತಿಳಿಸುವುದು ನಮ್ಮ ಕರ್ತವ್ಯವಾಗಿದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಬಹಳವಾಗಿ ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಮೂಳೆ ಕೀಲುಗಳು ಬಿಗಿಯುವುವು. ಆದುದರಿಂದ ಇಲ್ಲಿ ನೋವೆಂದೊಡನೆ ನೀರನ್ನೋ ವಯಸ್ಸನ್ನೋ ದೂರಿ ಸುಮ್ಮನಾಗುವುದು ಸುಲಭ.

ಆದರೆ ಐವತ್ತು ದಾಟಿದವರಿಗೆ ಬರುವ ಬೇರೊಂದು ಬೇನೆಯುಂಟು. ವೈದ್ಯರು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂದು ಕರೆಯುವ ಇದರಲ್ಲಿ ಎರಡೂ ಹೆಗಲುಗಳು, ಸೊಂಟ, ತೊಡೆಗಳು ಬೆಳಗಿನಲ್ಲಿ ಮುಕ್ಕಾಲು ಗಂಟೆಗೂ ಮೀರಿ ಸೆಟೆದಿರುವುವು. ತಲೆ ಬಾಚಲು ಕೈಯೆತ್ತಲಾಗದು. ಇದರ ಒಡಹುಟ್ಟಾದ ಜೈಂಟ್ ಸೆಲ್ ಆರ್ಟೆರೈಟಿಸ್ ಎಂಬುದು ಇನ್ನೂ ಕ್ರೂರ. ಇದರಲ್ಲಿ ರಕ್ತನಾಳಗಳೇ ಉರಿಯೂತಕ್ಕೊಳಗಾಗುವುವು. ಕಣತಲೆಯಲ್ಲಿ ಹಿಂದೆಂದೂ ಇಲ್ಲದ ನೋವು, ಮುಟ್ಟಿದರೆ ನೋಯುವ ನೆತ್ತಿ, ಅಗಿಯುವಾಗ ದವಡೆ ಸೋಲುವುದು ಇದರ ಲಕ್ಷಣಗಳು. ಮುದ್ದೆಯನ್ನು ನುಂಗುವ ನಮ್ಮವರಿಗೆ ಈ ಕಡೆಯ ಸುಳಿವು ತೋರದೆ ಹೋದರೂ ಹೋಗಬಹುದು. ಕಣ್ಣಿಗೆ ರಕ್ತ ನಿಂತರೆ ದೃಷ್ಟಿ ಹಠಾತ್ತಾಗಿ ಹೋಗುವುದು. ಹೋದುದು ಸಾಮಾನ್ಯವಾಗಿ ಮರಳದು. ಉತ್ತರ ಯೂರೋಪಿಗಿಂತ ನಮ್ಮಲ್ಲಿ ಈ ರೋಗ ವಿರಳವೆಂಬುದು ನಿಜ. ವಿರಳವಾದುದರಿಂದಲೇ ವೈದ್ಯರ ನೆನಪಿಗೂ ಬಾರದಿರುವ ಭಯವುಂಟು.

ಔಷಧವಿಲ್ಲವೇ? ಇದೆ. ಕೀಲುವಾತದ ರೋಗಿಗಳಿಗೆ ಅಮೆರಿಕದ ಡಾಕ್ಟರ್ ಹೆಂಚರು 1948ರಲ್ಲಿ ಕಾರ್ಟಿಸೋನನ್ನು ಕೊಟ್ಟು ನೋಡಿದಂದಿನಿಂದ ಸ್ಟೀರಾಯ್ಡುಗಳು ಬಳಕೆಗೆ ಬಂದಿವೆ. ಫ್ಲೋರೈಡಿನ ಬೇನೆಯನ್ನು ಗುಣಪಡಿಸದ ಈ ಮಾತ್ರೆ, ಹೆಗಲು ಸೆಟೆದವರನ್ನು ಕೆಲವೇ ದಿನಗಳಲ್ಲಿ ಎಬ್ಬಿಸಿ ನಡೆಸಬಲ್ಲುದು, ಕಣ್ಣನ್ನೂ ಉಳಿಸಬಲ್ಲುದು. ಆದರೆ ಇದು ಇಬ್ಬಾಯ ಖಡ್ಗ. ವೈದ್ಯರ ಕಣ್ಗಾವಲಿಲ್ಲದೆ ನುಂಗಿದರೆ ಸಕ್ಕರೆ ಕಾಯಿಲೆ ಹೆಚ್ಚುವುದು, ಮೂಳೆ ಸವೆಯುವುದು. ಅಂಗಡಿಯಲ್ಲಿ ಕೇಳಿ ತರುವ ವಸ್ತು ಇದಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಇ.ಎಸ್.ಆರ್. ಎಂಬ ರಕ್ತಪರೀಕ್ಷೆಗೆ ತಗಲುವ ವೆಚ್ಚ ಅಲ್ಪ. ನೋವೆಂದು ಬರುವ ಪ್ರತಿಯೊಬ್ಬ ವೃದ್ಧರಿಗೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ತಪ್ಪದೆ ಮಾಡಿಸಲಿ. ಕೀಲುರೋಗ ತಜ್ಞರು ನಿಯತ ದಿನಗಳಲ್ಲಿ ಜಿಲ್ಲಾ ಆಸ್ಪತ್ರೆಗೆ ಬರುವಂತೆ ಸರ್ಕಾರದವರು ಏರ್ಪಡಿಸಲಿ. ಇನ್ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಎಷ್ಟು ಮಂದಿ ಅಜ್ಜಿಯರು ಹೋಗಬಲ್ಲರು?

ಮನೆಯವರಿಗೂ ಒಂದು ಮಾತು. ಹಿರಿಯರು ಹೊಸ ತಲೆನೋವೆಂದರೆ, ಕಣ್ಣು ಮಂಜಾಯಿತೆಂದರೆ, ಸಂತೆಯ ದಿನಕ್ಕಾಗಿ ಕಾಯಬೇಡಿರಿ, ಅಂದೇ ಕರೆದೊಯ್ಯಿರಿ. ನಮ್ಮನ್ನು ಎತ್ತಿ ಆಡಿಸಿದ ತೋಳುಗಳು ಇಂದು ಮೇಲೇಳದಿರುವಾಗ, ಏಕೆಂದು ವಿಚಾರಿಸುವಷ್ಟು ಋಣವಾದರೂ ನಮ್ಮ ಮೇಲಿಲ್ಲವೇ?