ಮದುವೆಯೂ ಅಲ್ಲ, ಮಠವೂ ಅಲ್ಲ: ಬೆಗೀನ್ ಸ್ತ್ರೀಯರು ಬಿಟ್ಟುಹೋದ ಪ್ರಶ್ನೆ

2013ರ ಏಪ್ರಿಲ್ 14ರಂದು ಬೆಲ್ಜಿಯಂ ದೇಶದ ಕೋರ್ಟ್ರೈಕ್ ಪಟ್ಟಣದಲ್ಲಿ ಮಾರ್ಸೆಲಾ ಪಾಟೈನ್ ಎಂಬ ವೃದ್ಧೆಯೊಬ್ಬರು 92 ವರ್ಷ ವಯಸ್ಸಿನಲ್ಲಿ ದೈವಾಧೀನರಾದರು. ಅವರು ಕನ್ಯಾಸ್ತ್ರೀಯಾಗಿರಲಿಲ್ಲ, ಗೃಹಿಣಿಯೂ ಆಗಿರಲಿಲ್ಲ. ಹುಟ್ಟಿನಿಂದಲೇ ಬಹುಮಟ್ಟಿಗೆ ದೃಷ್ಟಿಹೀನರಾಗಿದ್ದ ಅವರನ್ನು, ಆ ಕಾರಣಕ್ಕಾಗಿಯೇ, ಕನ್ಯಾಮಠಗಳು ಸೇರಿಸಿಕೊಳ್ಳಲು ಒಪ್ಪಿರಲಿಲ್ಲ. ಕೊನೆಗೆ 1941ರಲ್ಲಿ ಗೆಂಟ್ ನಗರದ ಸಮೀಪದ ಬೆಗೀನ್ ವಠಾರವೊಂದು ಅವರಿಗೆ ಬಾಗಿಲು ತೆರೆಯಿತು. ಅಲ್ಲಿಂದ 1960ರಲ್ಲಿ ಕೋರ್ಟ್ರೈಕ್‌ಗೆ ಬಂದರು. ಪ್ರಾರ್ಥನೆ, ಹೆಣಿಗೆ, ದೇವಾಲಯದ ಆರ್ಗನ್ ವಾದನ, ರೋಗಿಗಳ ಮುಂದೆ ಅಕಾರ್ಡಿಯನ್ ನುಡಿಸಿ ಅವರ ಮನಸ್ಸನ್ನು ಹಗುರಗೊಳಿಸುವುದು ಇವೇ ಅವರ ಬದುಕಾಯಿತು. ಎಂಟು ಶತಮಾನಗಳಿಗೂ ಮಿಕ್ಕಿ ನಡೆದುಬಂದ ಬೆಗೀನ್ ಪರಂಪರೆಯ ಕಟ್ಟಕಡೆಯ ಸದಸ್ಯೆ ಇವರೇ ಎಂದು ಆಗ ಲೋಕದ ಪತ್ರಿಕೆಗಳು ಬರೆದವು.

ಇಷ್ಟು ವರ್ಷಗಳ ನಂತರ ಈ ಮರಣವನ್ನು ಇಂದು ನೆನೆಯುವುದಕ್ಕೆ ಕಾರಣವಿದೆ. ಧರ್ಮಸಭೆಯಲ್ಲಿ ಮಹಿಳೆಯರ ಸ್ಥಾನವನ್ನು ಕುರಿತ ಚರ್ಚೆ ಕಳೆದ ಕೆಲವು ವರ್ಷಗಳಿಂದ ಬಿರುಸಾಗಿದೆ. ದಿವಂಗತ ಪೋಪ್ ಫ್ರಾನ್ಸಿಸರು 2021ರಲ್ಲಿ ವಾಚಕ ಹಾಗೂ ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ವಿಧಿವತ್ತಾಗಿ ತೆರೆದರು. ಅದೇ ವರ್ಷ ಧರ್ಮೋಪದೇಶಿಗಳ ಸೇವೆಯನ್ನೂ ಅಧಿಕೃತ ಸೇವೆಯೆಂದು ಸ್ಥಾಪಿಸಿದರು. 2023ರ ಅಕ್ಟೋಬರಿನ ಸಿನೋದ್ ಸಭೆಯಲ್ಲಿ ಮಹಿಳೆಯರು ಮೊದಲ ಬಾರಿಗೆ ಮತ ಚಲಾಯಿಸಿದರು. ಅದರ ಮುಂದುವರಿಕೆಯಾದ 2024ರ ಸಭೆಯ ಅಂತಿಮ ದಾಖಲೆಯು, ಧರ್ಮಸಭೆಯಲ್ಲಿ ಮಹಿಳೆಯರು ನಾಯಕತ್ವದ ಹೊಣೆ ಹೊರುವುದನ್ನು ತಡೆಯಲು ಕಾರಣವಿಲ್ಲವೆಂದು ಹೇಳಿತು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರು ವ್ಯಾಟಿಕನ್ನಿನ ಸನ್ಯಸ್ತ ಜೀವನ ವಿಭಾಗಕ್ಕೆ ಮುಖ್ಯಸ್ಥೆಯಾದರು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಈ ಚರ್ಚೆಯ ಬಹುಭಾಗ ಪದವಿಗಳ ಸುತ್ತಲೇ ತಿರುಗುತ್ತಿದೆ. ಯಾವ ಪದವಿಯನ್ನೂ ಬಯಸದೆ, ಮದುವೆಯೂ ಆಗದೆ, ಮಠವನ್ನೂ ಸೇರದೆ, ದೇವರಿಗೂ ನೆರೆಯವರಿಗೂ ಬದುಕನ್ನು ಮೀಸಲಿಡಬಯಸುವ ಸಾಮಾನ್ಯ ಹೆಣ್ಣುಮಗಳು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಒಂದು ಕಾಲದಲ್ಲಿ ಧರ್ಮಸಭೆಯೊಳಗೇ ಉತ್ತರವಿತ್ತು.

ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಲಿಯೇಜ್ ಧರ್ಮಕ್ಷೇತ್ರದ ಸುತ್ತಮುತ್ತ ಈ ಸ್ತ್ರೀಯರು ಕಾಣಿಸಿಕೊಂಡರು. ಅವರಿಗೆ ಒಬ್ಬ ಸಂಸ್ಥಾಪಕಿ ಇರಲಿಲ್ಲ, ಒಂದೇ ನಿಯಮಾವಳಿಯೂ ಇರಲಿಲ್ಲ. 1213ರಲ್ಲಿ ಮೃತರಾದ ಒಯ್ನಿಯ ಮೇರಿ ಇವರಲ್ಲಿ ಮೊದಲ ಸಾಲಿನವರು. ಮದುವೆಯಾಗಿದ್ದ ಈಕೆ ಪತಿಯನ್ನೂ ಒಪ್ಪಿಸಿ, ಇಬ್ಬರೂ ಕೂಡಿ ಕುಷ್ಠರೋಗಿಗಳ ಸೇವೆಗೆ ನಿಂತರು. ಆಕೆಯ ಚರಿತ್ರೆಯನ್ನು ಬರೆದ ಜಾಕ್ ದ ವಿತ್ರಿ ಎಂಬ ಗುರುಗಳು ಮುಂದೆ ಕಾರ್ಡಿನಲ್ ಆದವರು. ಇಂಥ ಸ್ತ್ರೀಯರು ಒಂದೇ ಮನೆಯಲ್ಲಿ ಕೂಡಿ ಬಾಳಲು 1216ರಲ್ಲಿ ಪೋಪ್ ಮೂರನೆಯ ಹೊನೋರಿಯಸರಿಂದ ಬಾಯಿಮಾತಿನ ಅನುಮತಿ ತಂದವರೂ ಅವರೇ.

ಕ್ರಮೇಣ ವಠಾರಗಳು ಎದ್ದವು. ಸುತ್ತಲೂ ಗೋಡೆ, ಒಳಗೆ ಸಾಲು ಸಾಲಾಗಿ ಪುಟ್ಟ ಮನೆಗಳು, ನಡುವೆ ಹುಲ್ಲಿನ ಅಂಗಳ, ಒಂದು ದೇವಾಲಯ, ಒಂದು ಚಿಕ್ಕ ಆಸ್ಪತ್ರೆ. ರಾತ್ರಿ ಹೆಬ್ಬಾಗಿಲಿಗೆ ಬೀಗ ಬೀಳುತ್ತಿತ್ತು, ಬೆಳಿಗ್ಗೆ ತೆರೆಯುತ್ತಿತ್ತು. ಹಗಲು ಅವರು ಪಟ್ಟಣಕ್ಕೆ ಹೋಗಿ ದುಡಿಯಬಹುದಾಗಿತ್ತು. ಉಣ್ಣೆ ನೂಲುವುದು, ಬಟ್ಟೆ ಒಗೆಯುವುದು, ಮುಂದಿನ ಶತಮಾನಗಳಲ್ಲಿ ಲೇಸು ಹೆಣೆಯುವುದು, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು, ರೋಗಿಗಳ ಶುಶ್ರೂಷೆ, ಸತ್ತವರ ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಇವು ಅವರ ಕಾಯಕ. ವಠಾರದಲ್ಲಿ ಇರುವಷ್ಟು ಕಾಲ ಬ್ರಹ್ಮಚರ್ಯ ಮತ್ತು ವಿಧೇಯತೆಯನ್ನು ಪಾಲಿಸಬೇಕಿತ್ತು. ಆದರೆ ಅದು ಆಜೀವ ವ್ರತವಲ್ಲ. ಬೇಕೆನಿಸಿದರೆ ಹೊರಟುಹೋಗಿ ಮದುವೆಯಾಗಬಹುದಿತ್ತು. ಆಸ್ತಿ ಅವರ ಹೆಸರಿನಲ್ಲಿಯೇ ಉಳಿಯುತ್ತಿತ್ತು. ತಮ್ಮ ಮೇಲ್ವಿಚಾರಕಿಯನ್ನು ತಮ್ಮೊಳಗಿನಿಂದಲೇ ಆರಿಸಿಕೊಳ್ಳುತ್ತಿದ್ದರು. ಸಿರಿವಂತೆಗೆ ಸ್ವಂತ ಮನೆ, ಬಡವಳಿಗೆ ಸಾಮೂಹಿಕ ಗೃಹ. ಅಷ್ಟರಮಟ್ಟಿಗೆ ಸಮಾಜದ ಅಂತರ ವಠಾರದೊಳಗೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಮುಪ್ಪಿನಲ್ಲಿ, ಕಾಯಿಲೆಯಲ್ಲಿ, ಒಂದು ಹಾಸಿಗೆ ಮತ್ತು ನೋಡಿಕೊಳ್ಳುವ ಕೈ ಬಡವಳಿಗೂ ದೊರಕುತ್ತಿತ್ತು.

ನಮ್ಮ ಓದುಗರಿಗೆ ಇವರ ಇನ್ನೊಂದು ಋಣವೂ ಇದೆ. ಪರಮಪ್ರಸಾದದ ಮಹೋತ್ಸವದಂದು ನಮ್ಮ ಊರುಗಳಲ್ಲಿ ಹೂವು ಚೆಲ್ಲುತ್ತ ಮೆರವಣಿಗೆ ಸಾಗುತ್ತದಲ್ಲವೇ? ಆ ಹಬ್ಬಕ್ಕಾಗಿ ದಶಕಗಳ ಕಾಲ ಹೋರಾಡಿದವರು ಲಿಯೇಜಿನ ಸಂತ ಜೂಲಿಯಾನಾ. ಅವರು ಬೆಗೀನ್ ಅಲ್ಲ, ಮಠವಾಸಿನಿ. ಆದರೆ ವಿರೋಧಿಗಳು ಅವರನ್ನು ಮಠದಿಂದ ಹೊರದೂಡಿದಾಗ ನಮೂರ್ ಪಟ್ಟಣದಲ್ಲಿ ಆಶ್ರಯವಿತ್ತವರು ಬಡ ಬೆಗೀನರು. 1264ರಲ್ಲಿ ಪೋಪ್ ನಾಲ್ಕನೆಯ ಅರ್ಬನರು ಆ ಹಬ್ಬವನ್ನು ಸಮಸ್ತ ಧರ್ಮಸಭೆಗೆ ವಿಸ್ತರಿಸಿದಾಗ ಜೂಲಿಯಾನಾ ಬದುಕಿರಲಿಲ್ಲ.

ಗಂಡನ ಆಳ್ವಿಕೆಯಲ್ಲೂ ಇಲ್ಲದ, ಮಠದ ಬೇಲಿಯೊಳಗೂ ಇಲ್ಲದ ಹೆಣ್ಣನ್ನು ಆ ಕಾಲ ಸಹಿಸುವುದು ಕಷ್ಟವಾಗಿತ್ತು. ಇವರು ಕಡಿಮೆ ಬೆಲೆಗೆ ಕೆಲಸ ಮಾಡುತ್ತಾರೆಂದು ನೇಕಾರರ ಸಂಘಗಳು ಗೊಣಗಿದವು. ಬೋಧಿಸಲು ತೊಡಗಿದ್ದಾರೆಂದು ಪಂಡಿತರು ಮುನಿದರು. 1310ರ ಜೂನ್ 1ರಂದು, ಬೆಗೀನ್ ಎನಿಸಿಕೊಂಡ ಮಾರ್ಗರೆಟ್ ಪೊರೇಟ್ ಎಂಬ ಲೇಖಕಿಯನ್ನು ಪ್ಯಾರಿಸ್ಸಿನಲ್ಲಿ ಜೀವಂತ ಸುಡಲಾಯಿತು. ಆಕೆಯ ಗ್ರಂಥ ಮಾತ್ರ ಅಳಿಯಲಿಲ್ಲ. ಕರ್ತೃವಿನ ಹೆಸರಿಲ್ಲದೆ ಶತಮಾನಗಳ ಕಾಲ ಮಠಗಳಲ್ಲಿಯೇ ಭಕ್ತಿಯಿಂದ ಓದಲ್ಪಟ್ಟು, ಅದು ಆಕೆಯದೆಂದು ತಿಳಿದುಬಂದದ್ದು 1946ರಲ್ಲಿ. ಆಕೆ ಬರೆದ ಎಲ್ಲವನ್ನೂ ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಒಪ್ಪದವಳನ್ನು ಸುಟ್ಟಿದ್ದು ನಮ್ಮ ಚರಿತ್ರೆಯ ಪುಟವೆಂಬುದನ್ನು ಹಾರಿಸಿ ಓದಬಾರದು, ಅಷ್ಟೆ. 1311-12ರ ವಿಯೆನ್ನ್ ಮಹಾಸಭೆಯ ಶಾಸನಗಳು ಬೆಗೀನ್ ಜೀವನವನ್ನು ಖಂಡಿಸಿದವು. ಸಜ್ಜನೆಯರಿಗೆ ಅಡ್ಡಿಯಿಲ್ಲವೆಂಬ ಸಾಲನ್ನೂ ಅವುಗಳಲ್ಲಿಯೇ ಸೇರಿಸಲಾಗಿತ್ತು. ಆ ಒಂದು ಸಾಲಿನ ಆಸರೆಯಲ್ಲಿ, ಸ್ಥಳೀಯ ಧರ್ಮಾಧ್ಯಕ್ಷರ ರಕ್ಷಣೆಯಲ್ಲಿ, ಫ್ಲಾಂಡರ್ಸಿನ ವಠಾರಗಳು ಉಳಿದುಕೊಂಡವು. ಜರ್ಮನಿಯ ಅನೇಕ ಮನೆಗಳು ಅಳಿದುಹೋದವು.

ಇದೇ ಕಥೆ ಇಟಲಿಯಲ್ಲೂ ನಡೆಯಿತು. 1535ರಲ್ಲಿ ಬ್ರೆಷಿಯಾ ನಗರದಲ್ಲಿ ಸಂತ ಆಂಜೆಲಾ ಮೆರಿಚಿ ಸ್ಥಾಪಿಸಿದ ಸಂತ ಉರ್ಸುಲಾ ಸಂಘದ ಯುವತಿಯರು ತಂತಮ್ಮ ಮನೆಗಳಲ್ಲಿಯೇ ಇದ್ದು ದೇವರಿಗೆ ಮುಡಿಪಾದವರು. ನೂರು ವರ್ಷ ಕಳೆಯುವಷ್ಟರಲ್ಲಿ ಫ್ರಾನ್ಸಿನಲ್ಲಿ ಅವರ ಅನುಯಾಯಿನಿಯರು ಮಠದ ಗೋಡೆಯೊಳಗೆ ಸೇರಬೇಕಾಯಿತು. 1887ರಲ್ಲಿ ಮಂಗಳೂರಿನಲ್ಲಿ ಜೆಸ್ವಿಟ್ ಗುರು ಅರ್ಬನ್ ಸ್ಟೈನರು ಆರಂಭಿಸಿದ ಉರ್ಸುಲೈನ್ ಬಳಗವೂ ಆಂಜೆಲಾ ಅವರ ಹೆಸರನ್ನೇ ನೆಚ್ಚಿ ಹುಟ್ಟಿ, ಮುಂದೆ ಕನ್ಯಾಸ್ತ್ರೀಯರ ಸಭೆಯಾಗಿ ಬೆಳೆಯಿತು. ಆ ಸಭೆಯ ಸೇವೆ ನಮಗೆಲ್ಲ ಗೊತ್ತಿದೆ. ಆದರೂ ಮನೆಯಲ್ಲಿದ್ದುಕೊಂಡೇ ನಡೆಯುವ ಆ ಮೊದಲ ದಾರಿಯ ನೆನಪು ನಮ್ಮ ಕುಟುಂಬಗಳಲ್ಲಿ ಮಸುಕಾಗಿದೆ.

ದಾರಿ ಮುಚ್ಚಿಲ್ಲ. 1947ರಲ್ಲಿ ಪೋಪ್ ಹನ್ನೆರಡನೆಯ ಪಿಯೂಸರು ಲೋಕದ ನಡುವೆಯೇ ಇದ್ದು ಸಮರ್ಪಿತರಾಗಿ ಬಾಳುವ ಸಂಸ್ಥೆಗಳಿಗೆ ಮನ್ನಣೆ ಕೊಟ್ಟರು. ಲೋಕದಲ್ಲಿ ಬಾಳುವ ಕನ್ಯೆಯರನ್ನು ಧರ್ಮಾಧ್ಯಕ್ಷರೇ ದೇವರಿಗೆ ಸಮರ್ಪಿಸುವ ಪುರಾತನ ವಿಧಿಯನ್ನು 1970ರಲ್ಲಿ ಪುನಃ ಜಾರಿಗೆ ತರಲಾಯಿತು. ಆದರೆ ಮಗಳಿಗೆ ಇಪ್ಪತ್ತೈದು ದಾಟಿದ ಎಷ್ಟು ತಂದೆತಾಯಿಯರು ಇದನ್ನು ಕೇಳಿದ್ದಾರೆ? ನಮ್ಮಲ್ಲಿ ಎರಡೇ ಪ್ರಶ್ನೆಗಳು: ಗಂಡು ನೋಡಿದಿರಾ, ಇಲ್ಲವೇ ಮಠಕ್ಕೆ ಕಳಿಸುತ್ತೀರಾ. ಎರಡಕ್ಕೂ ಅಲ್ಲವೆಂದರೆ ಹಬ್ಬದ ಊಟದ ನಡುವೆಯೇ ಬಂಧುಗಳ ಮುಖ ಬಾಡುತ್ತದೆ.

ಹೀಗೆ ಉಳಿದವರೇ ನಮ್ಮ ಧರ್ಮಕೇಂದ್ರಗಳ ಬೆನ್ನೆಲುಬು. ಭಾನುವಾರದ ಧರ್ಮೋಪದೇಶ ತರಗತಿ, ಪೀಠದ ಬಟ್ಟೆಗಳು, ಗಾಯನವೃಂದ, ಹಾಸಿಗೆ ಹಿಡಿದವರ ಭೇಟಿ, ಸಾವಿನ ಮನೆಯ ಜಪಸರ ಎಲ್ಲಕ್ಕೂ ಮೊದಲು ಕರೆ ಹೋಗುವುದು ಅವರಿಗೇ. ತಂದೆತಾಯಿಯರನ್ನು ಕೊನೆಯ ತನಕ ನೋಡಿಕೊಂಡು, ಅವರು ತೀರಿದ ಮೇಲೆ ಅಣ್ಣತಮ್ಮಂದಿರ ಮನೆಯ ಹಿಂದಿನ ಕೋಣೆಗೆ ಸರಿಯುವವರೂ ಅವರೇ. ಪ್ರವಚನದಲ್ಲಿ ಅವರ ತ್ಯಾಗವನ್ನು ಕೊಂಡಾಡುತ್ತೇವೆ. ಅವರ ಮುಪ್ಪಿನ ವಿಚಾರ ಧರ್ಮಕೇಂದ್ರದ ಆಯವ್ಯಯದಲ್ಲಿ ಬರುವುದು ತೀರ ಅಪರೂಪ. ಮಠದಲ್ಲಿರುವ ಭಗಿನಿಗೆ ಸಭೆಯಿದೆ, ವಿಧವೆಗೆ ಮಕ್ಕಳಿರಬಹುದು. ಇವರಿಗೆ ಇರುವುದು ನಮ್ಮ ಕೃತಜ್ಞತೆ ಮಾತ್ರ, ಮತ್ತು ಅದರಿಂದ ಔಷಧಿ ಬರುವುದಿಲ್ಲ.

ಬೆಗೀನ್ ವಠಾರಗಳನ್ನು ಇಲ್ಲಿ ಹಾಗೆಯೇ ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಸ್ವಂತ ದುಡಿಮೆ, ಸ್ವಂತ ಬೀಗದ ಕೈ, ನೆರೆಯಲ್ಲಿ ಜೊತೆಗಾತಿಯರು, ಬೇಡವೆನಿಸಿದರೆ ಹೊರಡುವ ಸ್ವಾತಂತ್ರ್ಯ, ಕಾಯಿಲೆಯಲ್ಲಿ ಆಸರೆ ಎಂಬ ಅದರ ಏರ್ಪಾಡು ಮಾತ್ರ ಯುರೋಪಿನ ಸೊತ್ತಲ್ಲ. ಹಳೆಯ ಕಟ್ಟಡಗಳು ಖಾಲಿ ಬಿದ್ದಿರುವ ಧರ್ಮಕೇಂದ್ರಗಳು ನಮ್ಮಲ್ಲಿ ಇವೆ. ಅಂಥ ಒಂದೆರಡನ್ನು ದುರಸ್ತಿ ಮಾಡಿ ನಾಲ್ಕೈದು ಜನ ಒಂಟಿ ಮಹಿಳೆಯರಿಗೆ ಕಡಿಮೆ ಬಾಡಿಗೆಗೆ ಕೊಡುವುದು, ಧರ್ಮೋಪದೇಶಿಯರಿಗೆ ಗೌರವಧನದೊಂದಿಗೆ ಆರೋಗ್ಯ ವಿಮೆಯ ಕಂತು ಕಟ್ಟುವುದು, ಇದಕ್ಕೆ ರೋಮಾಪುರಿಯ ಅಪ್ಪಣೆ ಬೇಕಿಲ್ಲ. ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಒಂದು ನಿರ್ಣಯ ಸಾಕು.

ಫ್ಲಾಂಡರ್ಸಿನ 13 ವಠಾರಗಳನ್ನು ಯುನೆಸ್ಕೋ 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲ್ಯೂವೆನ್ನಿನ ದೊಡ್ಡ ವಠಾರವನ್ನು ಅಲ್ಲಿಯ ವಿಶ್ವವಿದ್ಯಾಲಯ 1962ರಲ್ಲೇ ಕೊಂಡು ದುರಸ್ತಿಗೊಳಿಸಿತು. ಬೆಗೀನರ ಕೋಣೆಗಳಲ್ಲಿ ಈಗ ವಿದ್ಯಾರ್ಥಿಗಳೂ ಅತಿಥಿ ಪ್ರಾಧ್ಯಾಪಕರೂ ವಾಸವಾಗಿದ್ದಾರೆ. ಬ್ರೂಜ್ ನಗರದ ವಠಾರದಲ್ಲಿ 1927ರಿಂದ ಬೆನೆಡಿಕ್ಟೈನ್ ಸಭೆಯ ಭಗಿನಿಯರು ನೆಲೆಸಿದರು. ಪ್ರವಾಸಿಗಳು ಸಾಲುಗಟ್ಟಿ ಬಂದು ಅಂಗಳದ ಚಿತ್ರ ತೆಗೆದುಕೊಂಡು ಹೋಗುತ್ತಾರೆ.