ಮಳವಲಿಯಲ್ಲಿ ಇಳಿದರೆ ಬನವಾಸಿ

ಏಪ್ರಿಲ್‌ನಲ್ಲಿ ತಮ್ಮ ಹಾಲೆಂಡಿನಿಂದ ವಿಡಿಯೋ ಕಾಲ್ ಮಾಡಿದ್ದ. ರಜೆಯ ದಿನ, ಹಾರ್ಲೆಮ್‌ನಿಂದ ಲೈಡನ್‌ಗೆ ರೈಲಿನಲ್ಲಿ ಸುಮ್ಮನೆ ಸುತ್ತಾಟ. ಕಿಟಕಿಯಾಚೆ ಟ್ಯುಲಿಪ್ ಹೊಲಗಳು, ಸಾಲಾಗಿ ಸೀರೆ ಒಣಹಾಕಿದ ಹಾಗೆ. ಅಲ್ಲಿಯ ಕರೆಂಟ್ ರೈಲುಗಳಿಗೆ 2017ರಿಂದ ಗಾಳಿ ವಿದ್ಯುತ್ತಂತೆ. ಆಯಿ ನೋಡಿ, "ಚೊಲೋ ಇದ್ದು" ಎಂದು ಫೋನ್ ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋದಳು.

ಅಪ್ಪ ಹೋದ ಮೇಲೆ ಶಿರಸಿಯ ಮನೆಗೆ ಬೀಗ ಹಾಕಿ ಆಯಿಯನ್ನು ಕಾತ್ರಜಕ್ಕೆ ಕರೆತಂದು ಎರಡು ವರ್ಷವಾಯಿತು. ಏಳನೇ ಮಹಡಿಯಿಂದ ಕಾಣುವುದು ಘಾಟಿಗೆ ಹೋಗುವ ಲಾರಿಗಳು. ಮಂಡಿನೋವಿನವಳು ಹಾಲೆಂಡಿಗೆ ಹೋಗುವ ಮಾತೇ ಇಲ್ಲ. ಆದರೆ ರೈಲು ನಮ್ಮಲ್ಲೂ ಇದೆಯಲ್ಲ?

ಆಗಸ್ಟ್‌ನ ಒಂದು ಬೆಳಿಗ್ಗೆ ಸ್ವಾರಗೇಟ್‌ವರೆಗೆ ಬಸ್ಸು, ಅಲ್ಲಿಂದ ಮೆಟ್ರೋದಲ್ಲಿ ಶಿವಾಜಿನಗರ, ಮುಂದೆ ಲೋಣಾವಳಾ ಲೋಕಲ್. ಹುಡುಗಿಯೊಬ್ಬಳು "ಆಯೀ, ಬಸಾ" ಎಂದು ಎದ್ದು ಜಾಗ ಕೊಟ್ಟಳು. "ಇವಳೂ ಆಯಿ ಅಂದಳಲ್ಲ!" ಎಂದು ನಮ್ಮಾಕೆಗೆ ಅಚ್ಚರಿ. ಪುಣೆ-ಖಂಡಾಳಾ ಹಳಿಯಲ್ಲಿ ರೈಲು ಓಡಲು ಶುರುವಾದದ್ದು 1858ರಲ್ಲಿ. ಘಾಟಿ ಇಳಿದು ಮುಂಬೈಗೆ ಸೇರಿದ್ದು 1863ರಲ್ಲಿ. ಇದನ್ನೆಲ್ಲ ನಾನು ಹೇಳುತ್ತಿದ್ದರೆ ಆಯಿ ಕೇಳಿಸಿಕೊಳ್ಳುತ್ತಿರಲಿಲ್ಲ. ಚಿಂಚವಡದ ಕಾರ್ಖಾನೆಗಳು ಮುಗಿದು, ತಳೇಗಾಂವ್ ದಾಟುತ್ತಿದ್ದಂತೆ ಮಾವಳದ ಭತ್ತದ ಗದ್ದೆಗಳು ಶುರುವಾದವು. ಕಾಮಶೇತ್ ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ನಾಟಿ ತಡ ಆಯ್ದು ಇಲ್ಲಿ" ಎಂದಷ್ಟೇ ಹೇಳಿದಳು.

ಲೋಣಾವಳಾಕ್ಕಿಂತ ಒಂದು ನಿಲ್ದಾಣ ಮೊದಲು ಮಳವಲಿ. ಇಳಿದು ಆಟೋ ಹಿಡಿದು ಕಾರ್ಲೆ ಗುಡ್ಡಕ್ಕೆ ಹೋದೆವು. ಮೇಲೆ ಏಕವೀರಾ ದೇವಿಯ ಗುಡಿ. ಅದರ ಪಕ್ಕದಲ್ಲೇ ಬಂಡೆ ಕೊರೆದು ಮಾಡಿದ ಬೌದ್ಧ ಚೈತ್ಯ, ದೇಶದಲ್ಲೇ ಅತಿ ದೊಡ್ಡದು. ಮೆಟ್ಟಿಲು ನೋಡಿ ಆಯಿ ಹೂ-ಕಾಯಿ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. "ನೀ ಹೋಗಿ ನೋಡ್ಕಂಡು ಬಾ."

ಒಬ್ಬನೇ ಹತ್ತಿದೆ. ಒಳಗೆ ಸಾಲುಗಂಬ, ಕಮಾನಿನ ಛಾವಣಿಗೆ ಇಂದಿಗೂ ಉಳಿದಿರುವ ಹಳೆಯ ಮರದ ಪಕ್ಕೆಗಳು. ಕೆಲವು ಕಂಬಗಳನ್ನು ಮಾಡಿಸಿಕೊಟ್ಟವರು ಯವನರು ಎಂದು ಅವುಗಳ ಮೇಲೇ ಬರೆದಿದೆ. ಹೊರಗಿನ ಮೊಗಸಾಲೆಯ ಗೋಡೆಯಲ್ಲಿ ಇನ್ನೊಂದು ಶಾಸನ; ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ವೈಜಯಂತಿಯ ಭೂತಪಾಲನೆಂಬ ಶೆಟ್ಟಿ ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂಬ ಹೆಮ್ಮೆಯ ಮಾತು. ವೈಜಯಂತಿ ಎಂದರೆ ಬನವಾಸಿ ಎನ್ನುತ್ತಾರೆ ಇತಿಹಾಸಕಾರರು. ನಮ್ಮ ಶಿರಸಿಯ ಪಕ್ಕದ ಬನವಾಸಿ!

ಫೋಟೋ ತೆಗೆದು ಕೆಳಗೆ ಓಡಿಬಂದೆ. ಆಯಿ ಅಂಗಡಿಯವಳ ಜೊತೆ ಮುರುಕು ಹಿಂದಿಯಲ್ಲಿ ಮಂಡಿನೋವಿನ ಮಾತಾಡುತ್ತಿದ್ದಳು. ಮಧುಕೇಶ್ವರನ ತೇರು ನೋಡುತ್ತ ಬೆಳೆದವಳು. ಎಲ್ಲ ಕೇಳಿ, ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಸುಮಾರು ಎರಡು ಸಾವಿರ ವರ್ಷ ಎಂದೆ. ಆಮೇಲೆ ಒಂದೇ ಪ್ರಶ್ನೆ: "ಅಂವ ಮತ್ತೆ ಊರಿಗೆ ಹೋದ್ನಾ?"

ಶಾಸನದಲ್ಲಿ ಅದಿಲ್ಲ ಎಂದೆ.

ಸಂಜೆಯ ಲೋಕಲ್‌ನಲ್ಲಿ ಮಳೆ ಹಿಡಿಯಿತು. ಗದ್ದೆಗಳು ಮಸುಕಾದವು. ದೀಪಾವಳಿಗೆ ನಾಲ್ಕು ದಿನ ಶಿರಸಿಗೆ ಹೋಗಿ ಮನೆ ಬೀಗ ತೆಗೆದು ಬರೋಣ ಎಂದೆ. ಆಯಿ ಉತ್ತರಿಸಲಿಲ್ಲ, ಚೀಲದಿಂದ ಏಕವೀರೆಯ ಪ್ರಸಾದದ ಕಾಯಿ ತೆಗೆದು, ಎದುರಿನವರಿಗೂ ಒಂದೊಂದು ಚೂರು ಹಂಚಿದಳು.