ಗೋಡೆ ಹೆರೆಯುವ ಮುನ್ನ

ಬಣ್ಣದ ಆಯ್ಕೆಗೆ ವಾರಗಟ್ಟಲೆ ಚರ್ಚಿಸುವ ಗೃಹಸ್ಥರು, ಕೋಣೆಯನ್ನು ಸಿದ್ಧಗೊಳಿಸುವ ಕೆಲಸವನ್ನು ಮಾತ್ರ ಕೂಲಿಯವನ ಉಪ್ಪುಕಾಗದಕ್ಕೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ನಿರ್ದೋಷವಲ್ಲ.

ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದೆ ಬಾಗಿಲು, ಕಿಟಕಿ, ಗೋಡೆಗಳಿಗೆ ಬಳಿದ ಎಣ್ಣೆಬಣ್ಣದಲ್ಲಿ ಸೀಸ ಅಡಗಿರುವ ಸಂಭವವಿದೆ. ಅದನ್ನು ಒಣದಾಗಿ ಉಜ್ಜಿದಾಗ ಏಳುವ ಧೂಳು ಕೆಲಸಗಾರನ ಶ್ವಾಸಕೋಶವನ್ನೂ, ನೆಲದ ಮೇಲಾಡುವ ಶಿಶುವಿನ ಬಾಯನ್ನೂ ಸೇರುತ್ತದೆ. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ.

ನೀರು ಹಚ್ಚಿ ಉಜ್ಜಿದರೆ ದಿನವೂ ಹೆಚ್ಚು, ಕೂಲಿಯೂ ಹೆಚ್ಚು ಎಂಬುದು ಆಕ್ಷೇಪ. ಲೆಕ್ಕ ಬಲ್ಲವರು ಖರ್ಚಿನ ಬದಿಯನ್ನು ಪೂರ್ಣವಾಗಿ ಬರೆಯಬೇಕು: ಉಳಿಯುವುದು ತಮ್ಮ ಹಣ, ಕಳೆಯುವುದು ಪರರ ಆರೋಗ್ಯ. ಇರುವೆಯ ಸಾಲು ಕಂಡು ಹೆಜ್ಜೆ ತಡೆಯುವವರಿಗೆ, ತಮ್ಮದೇ ಕೋಣೆಯಲ್ಲಿ ವಿಷದ ಧೂಳು ನುಂಗುವ ಮನುಷ್ಯ ಕಾಣದಿದ್ದರೆ ಅದು ಪ್ರಮಾದವಲ್ಲದೆ ಮತ್ತೇನು?

ಸಾಮಾನುಗಳನ್ನು ಹೊರಗಿರಿಸಿ, ನೆಲಕ್ಕೆ ಹಾಳೆ ಹಾಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ, ಹಳೆಯ ಬಣ್ಣವನ್ನು ತೇವಗೊಳಿಸಿಯೇ ಉಜ್ಜಿಸಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬಸದಿಗಳ ಆಡಳಿತ ಮಂಡಲಿಗಳು ಈ ಷರತ್ತುಗಳನ್ನು ಗುತ್ತಿಗೆಪತ್ರದಲ್ಲಿಯೇ ಬರೆಯಿಸಲಿ; ಅದರ ವೆಚ್ಚವನ್ನೂ ತಾವೇ ಭರಿಸಲಿ.